ಅಪ್ಪ ನೀರು ಕೇಳದ ರಾತ್ರಿ

ಕ್ರೈಸ್ತರು ಉಪವಾಸ, ಪ್ರಾರ್ಥನೆಯಲ್ಲಿ ಕಳೆಯುವ ತಪಸ್ಸುಕಾಲದ ಮೂರನೇ ವಾರ ಬಂತೆಂದರೆ ಒಂದೇ ಮಾತು ಹೊತ್ತು ನನ್ನ ಬಳಿ ಬರುವವರು ಜಾಸ್ತಿಯಾಗುತ್ತಾರೆ. "ಹಿಡಿದ ವ್ರತ ತಪ್ಪಿಹೋಯ್ತು. ಇನ್ನು ಮುಂದುವರಿಸಿ ಏನು ಪ್ರಯೋಜನ?" ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡಾಗ ಇದ್ದ ಹುರುಪು ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಪಾಸ್ಖ ಹಬ್ಬ, ಅಂದರೆ ಈಸ್ಟರ್, ಇನ್ನೂ ದೂರದಲ್ಲಿರುತ್ತದೆ. ಒಂದು ದಿನ ಎಡವುತ್ತಾರೆ, ಮರುದಿನದಿಂದ ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಇಂಥವರನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಆದರೆ ಒಬ್ಬರು ಹೇಳಿದ ಮಾತು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ ಐವತ್ತರ ಆಸುಪಾಸು. ಹೊರಗೆ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ. ಎರಡು ವರ್ಷದಿಂದ ಹಗಲಿರುಳು ಅವರೇ ನೋಡಿಕೊಳ್ಳುತ್ತಿದ್ದರು. ಅವರ ತಮ್ಮ ಹತ್ತಿರದಲ್ಲೇ ಇದ್ದ, ಆಗಾಗ ಬಂದು ಹೋಗುತ್ತಿದ್ದ. ಆ ವರ್ಷ ಅವರು ಮೂರು ತೀರ್ಮಾನ ಮಾಡಿದ್ದರು. ದಿನಕ್ಕೆ ಒಂದೇ ಊಟ, ದಿನವೂ ಚರ್ಚಿನಲ್ಲಿ ಮುಂಜಾನೆಯ ಪೂಜೆ, ದಿನವೂ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಸ್ಥಳ ಸ್ಥಳವಾಗಿ ನೆನೆಯುವ ಪ್ರಾರ್ಥನೆ.

ಬರುವಾಗ ಒಂದು ನೋಟ್‌ಬುಕ್ ತಂದಿದ್ದರು. ನಲವತ್ತು ಸಾಲು ಎಳೆದು, ದಿನಕ್ಕೆ ಮೂರು ಗುರುತು ಹಾಕುತ್ತಾ ಬಂದಿದ್ದರು. ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಸರಿಯೇ. ವಿಭೂತಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನ, ಆರು ಭಾನುವಾರ ಕಳೆದರೆ 40. ಹದಿನಾರನೇ ಸಾಲಿನವರೆಗೆ ಎಲ್ಲ ಅಚ್ಚುಕಟ್ಟು. ಹದಿನೇಳನೇ ಸಾಲಿನ ಮೇಲೆ ಕೆಂಪು ಗೆರೆ. ಆಮೇಲೆ ಖಾಲಿ.

"ಹದಿನೇಳನೇ ದಿನ ಏನಾಯ್ತು?" ಎಂದು ಕೇಳಿದೆ.

"ಪೂಜೆಗೆ ಏಳಲಿಕ್ಕೆ ಆಗಲಿಲ್ಲ ಮೇಡಂ. ರಾತ್ರಿ ಅಪ್ಪ ನಾಲ್ಕು ಸಲ ನೀರು ಕೇಳಿದರು. ನಾಲ್ಕು ಸಲವೂ ಎದ್ದೆ. ನಾಲ್ಕನೇ ಸಲ ಕೋಪ ಬಂತು. ನಿಮ್ಮಿಂದ ನನ್ನ ಪೂಜೆ ತಪ್ಪುತ್ತೆ ಅಂತ ಜೋರಾಗಿ ಹೇಳಿಬಿಟ್ಟೆ. ಬೆಳಿಗ್ಗೆ ಎಚ್ಚರವೇ ಆಗಲಿಲ್ಲ. ಸುಸ್ತಾಗಿ ಊಟಾನೂ ಎರಡು ಸಲ ಮಾಡಿದೆ. ಎಲ್ಲಾ ಕೆಟ್ಟೋಯ್ತು."

"ಮರುದಿನ?"

"ಮರುದಿನ ಪರವಾಗಿಲ್ಲ. ರಾತ್ರಿ ಅಪ್ಪ ಕರೆಯಲೇ ಇಲ್ಲ. ಚೆನ್ನಾಗಿ ನಿದ್ದೆ ಆಯ್ತು, ಪೂಜೆಗೂ ಹೋದೆ. ಆದರೆ ನಡುವೆ ತಪ್ಪಿದ್ದು ತಪ್ಪಿದ್ದೇ ಅಲ್ವಾ? ಮನಸ್ಸೇ ಬರಲಿಲ್ಲ, ಗುರುತು ಹಾಕಲಿಲ್ಲ."

ಅವರು ಮುಂದಕ್ಕೆ ಹೋಗುವವರಿದ್ದರು. ನಾನು ತಡೆದೆ. "ಅಪ್ಪ ಆ ರಾತ್ರಿ ಯಾಕೆ ಕರೆಯಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಳಿಗ್ಗೆ ನಾನೂ ಅದನ್ನೇ ಕೇಳಿದೆ. ತುಟಿಯೆಲ್ಲಾ ಒಣಗಿತ್ತು. 'ನಿನ್ನ ವ್ರತ ಕೆಡಬಾರದಲ್ಲ ಮಗಳೇ' ಅಂದರು."

ಲೋಟ ತಾವೇ ಎತ್ತಿಕೊಳ್ಳಲಾಗದ ಮನುಷ್ಯ. ಮಗಳ ವ್ರತ ಉಳಿಯಲೆಂದು ಇಡೀ ರಾತ್ರಿ ಬಾಯಾರಿಕೊಂಡು ಮಲಗಿದ್ದರು.

ಆಗ ನನ್ನ ನಾಲಿಗೆಯ ತುದಿಗೆ ವೇದವಾಕ್ಯ ಬಂದಿತ್ತು. ಹೇಳಲಿಲ್ಲ. ನೋವಿನಲ್ಲಿ ಕೂತವರಿಗೆ ವಾಕ್ಯ ಎಸೆಯುವುದು ಸುಲಭ, ಅದು ಅವರಿಗೆ ಕಲ್ಲಿನಂತೆ ತಾಗುತ್ತದೆ. ಕಾದೆ. ಅವರು ನೋಟ್‌ಬುಕ್ ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ತುಂಬಾ ಮೆಲ್ಲಗೆ ಹೇಳಿದರು, "ದಿನಾ ಶಿಲುಬೆ ಹಾದಿ ಮಾಡ್ತಿದ್ದೆ ಮೇಡಂ. ಶಿಲುಬೆ ಮೇಲೆ ಯೇಸು ಹೇಳೋ 'ನನಗೆ ದಾಹವಾಗಿದೆ' ಅನ್ನೋ ಮಾತಿಗೆ ಬಂದಾಗ ದಿನಾ ಅಳ್ತಿದ್ದೆ."

ಅಂದು ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ನಾನು ಮೊದಲು ಹೇಳಿದ್ದು ಆ ಕೆಂಪು ಗೆರೆಯ ಬಗ್ಗೆ. ನಿದ್ದೆಗಣ್ಣಲ್ಲಿ ನಾಲ್ಕು ಸಲ ಎದ್ದು ನೀರು ಕುಡಿಸಿದ ರಾತ್ರಿಯ ಲೆಕ್ಕವೇ ಆ ಪುಸ್ತಕದಲ್ಲಿ ಇರಲಿಲ್ಲ. ಬೈದದ್ದು ತಪ್ಪು, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಪೂಜೆ ತಪ್ಪಿದ್ದು ಪಾಪವಲ್ಲ. ವಾರದ ದಿನದ ಪೂಜೆ ಕಡ್ಡಾಯವೇ ಅಲ್ಲ. ಉಪವಾಸವನ್ನು ಕಥೋಲಿಕ ಧರ್ಮಸಭೆ ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಅದೂ 18 ತುಂಬಿದವರಿಂದ 59ರವರೆಗೆ. ಉಳಿದದ್ದೆಲ್ಲ ಅವರು ತಾವೇ ಒಪ್ಪಿಕೊಂಡ ಭಾರ. ಅದನ್ನು ನಿಮ್ಮ ಚರ್ಚಿನ ಗುರುಗಳ ಜೊತೆ ಮಾತಾಡಿ ಇಳಿಸಿಕೊಳ್ಳಿ ಎಂದೆ. ನಾನು ಗುರುವಲ್ಲ, ಆ ಮಾತು ನನ್ನಿಂದ ಬಂದರೆ ಸಾಲದು.

ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುವ ಮೊದಲು ಅಪ್ಪನ ಬಳಿ ಹೋಗಿ ಎಂದೂ ಹೇಳಿದೆ. ಒಂದೇ ಮಾತು ಸಾಕು: "ಅಪ್ಪ, ಆ ದಿನ ಬೈದದ್ದು ತಪ್ಪಾಯ್ತು, ಎಷ್ಟು ಸಲ ಬೇಕಾದರೂ ಕರೀರಿ." ಅಲ್ಲಿ ಅತ್ತು, ಅಪ್ಪನೇ ಸಮಾಧಾನ ಮಾಡುವಂತೆ ಮಾಡಬೇಡಿ. ಆ ಭಾರವನ್ನೂ ಅವರ ಮೇಲೆ ಹಾಕಬಾರದು.

ಆಮೇಲೆ ತಮ್ಮನ ವಿಷಯ. "ಅವನನ್ನು ಕೇಳೋದಾ? ಇದು ನನ್ನ ಶಿಲುಬೆ ಅಲ್ವಾ?" ಅಂದರು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಶಿಲುಬೆ ಹಾದಿಯ ಐದನೇ ಸ್ಥಳದಲ್ಲಿ ಯಾರಿದ್ದಾರೆ? ಶಿಲುಬೆ ಹೊರಲು ಯೇಸುವಿಗೆ ನೆರವಾದ ಸಿರೇನಿನ ಸಿಮೋನ. ಯೇಸು ಕೂಡ ಕೊನೆಯವರೆಗೆ ಒಬ್ಬರೇ ಹೊರಲಿಲ್ಲ. ಸಿಮೋನನಂತೂ ತಾನಾಗಿ ಬಂದವನಲ್ಲ, ಹಿಡಿದು ಹೊರಿಸಿದವರು ಬೇರೆಯವರು. ತಮ್ಮ ತಾನಾಗಿ ಕೇಳಲಿ ಎಂದು ಕಾಯಬೇಡಿ. ವಾರಕ್ಕೆ ಎರಡು ರಾತ್ರಿ ನೀನು ಬಂದು ಮಲಗು ಎಂದು ನೇರವಾಗಿ ಹೇಳಿ.

ಎರಡು ವರ್ಷ ಸರಿಯಾಗಿ ನಿದ್ದೆ ಮಾಡದವರ ಸಿಡುಕನ್ನು ಬರೀ ಪಾಪ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ದೇಹ ಸೋತಾಗ ಪ್ರೀತಿ ಮೊದಲು ಮಾತಿನಲ್ಲಿ ಒಣಗುತ್ತದೆ. ಅದಕ್ಕೆ ಇನ್ನಷ್ಟು ಉಪವಾಸ ಮದ್ದಲ್ಲ. ನಿದ್ದೆ ಬೇಕು, ಜೊತೆಗೊಬ್ಬರು ಬೇಕು. ಒಮ್ಮೆ ವೈದ್ಯರಿಗೂ ತೋರಿಸಿಕೊಳ್ಳಿ ಎಂದೆ.

ಇಂಥ ಸಲಹೆಗೆ ನನ್ನನ್ನು ದೂರಿದವರಿದ್ದಾರೆ. "ನೀವು ಜನರನ್ನು ಸಡಿಲ ಮಾಡ್ತೀರಿ, ಈಗಲೇ ಯಾರೂ ಉಪವಾಸ ಮಾಡಲ್ಲ" ಅನ್ನುತ್ತಾರೆ. ನಾನು ಉಪವಾಸದ ವಿರೋಧಿಯಲ್ಲ. ನಾನೂ ಮಾಡುತ್ತೇನೆ. ಹಸಿವು ನನಗೆ ಎಷ್ಟೋ ಕಲಿಸಿದೆ. ಆದರೆ ತಪಸ್ಸುಕಾಲದಲ್ಲಿ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳನ್ನೇ ನೋಡಿ. ವಿಭೂತಿ ಬುಧವಾರದ ನಂತರದ ಶುಕ್ರವಾರವೇ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೇ ಜಗಳವಾಡುವವರನ್ನು ದೇವರು ಪ್ರಶ್ನಿಸುವುದು ಅಲ್ಲಿದೆ. "ನಾನು ಮೆಚ್ಚುವ ಉಪವಾಸ ಹಸಿದವನಿಗೆ ಅನ್ನ ಕೊಡುವುದು, ನಿನ್ನ ಸ್ವಂತದವರಿಂದ ಮುಖ ತಿರುಗಿಸದಿರುವುದು" ಎನ್ನುತ್ತಾರೆ ದೇವರು. ಮೊದಲ ವಾರದ ಸೋಮವಾರ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ಬರುತ್ತದೆ. ಬಾಯಾರಿದ್ದೆ, ಕುಡಿಯಲು ಕೊಟ್ಟಿರಿ ಎನ್ನುವ ಭಾಗ. ಇದನ್ನೆಲ್ಲ ಕೊನೆಯ ವಾರಕ್ಕೆ ಬಿಟ್ಟಿಲ್ಲ, ಹೊರಡುವಾಗಲೇ ಕೈಗೆ ಕೊಟ್ಟಿದ್ದಾರೆ. ಹಾಗಿರುವಾಗ ಮನೆಯೊಳಗೆ ಬಾಯಾರಿದವರಿದ್ದರೆ ಮೊದಲು ಅಲ್ಲಿಗೆ ಹೋಗಿ ಎಂದು ಹೇಳುವುದು ಹೇಗೆ ಸಡಿಲವಾಗುತ್ತದೆ? ಬೆಳಗಿನ ಜಾವ ಮೂರು ಗಂಟೆಗೆ ಕೋಪ ನುಂಗಿ ಏಳುವುದು ಒಂದು ಊಟ ಬಿಡುವುದಕ್ಕಿಂತ ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಇನ್ನೊಂದು ಮಾತು, ವ್ರತ ತಪ್ಪಿತೆಂದು ಬಿಟ್ಟುಬಿಟ್ಟ ಎಲ್ಲರಿಗೂ. ಹೊರಡುವ ಮೊದಲು ಅವರು ಕೇಳಿದ್ದರು, "ಮತ್ತೆ ಒಂದರಿಂದ ಶುರು ಮಾಡ್ಲಾ?" ಬೇಡ ಎಂದೆ. ನಿಂತಲ್ಲಿಂದ ನಡೆಯಿರಿ. ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ಮೂರು ಸಲ ಯೇಸು ಬೀಳುತ್ತಾರೆ. ಒಂದು ಸಲವೂ ಮೊದಲ ಸ್ಥಳಕ್ಕೆ ಹಿಂದಿರುಗುವುದಿಲ್ಲ.

ಪಾಸ್ಖಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಕಳೆದ ಮೇಲೆ ಅವರು ಮತ್ತೊಮ್ಮೆ ಬಂದರು. ನೋಟ್‌ಬುಕ್ ತಂದಿರಲಿಲ್ಲ. ತಮ್ಮ ಎರಡು ರಾತ್ರಿ ಬರುತ್ತಿದ್ದಾನಂತೆ, ಒಂದು ವಾರ ತಪ್ಪಿಸಿದನಂತೆ. ಶಿಲುಬೆ ಹಾದಿ ಈಗ ಶುಕ್ರವಾರ ಮಾತ್ರ, ಅಪ್ಪನ ಹಾಸಿಗೆಯ ಪಕ್ಕ ಕೂತು ಜೋರಾಗಿ ಓದುತ್ತಾರೆ. ಅರ್ಧಕ್ಕೆ ಅಪ್ಪನಿಗೆ ನಿದ್ದೆ ಬರುತ್ತದೆ. ನಡುವೆ ಒಂದು ದಿನ ಮತ್ತೆ ಸಿಡುಕಿದ್ದರು, ಹತ್ತು ನಿಮಿಷದಲ್ಲಿ ವಾಪಸ್ ಹೋಗಿ ಕ್ಷಮೆ ಕೇಳಿದ್ದರು.

"ಅಪ್ಪ ಈಗ ಕರೀತಾರಾ?" ಎಂದು ಕೇಳಿದೆ.

"ಮೊದಮೊದಲು ಕರೀತಿರಲಿಲ್ಲ. ನಾನೇ ಎದ್ದು ಎದ್ದು ಹೋಗಿ ಕೇಳ್ತಿದ್ದೆ," ಎಂದರು. ಆಮೇಲೆ ಅವರ ಮುಖ ಅರಳಿತು. "ನಿನ್ನೆ ರಾತ್ರಿ ಮೂರು ಸಲ ಕರೆದರು ಮೇಡಂ."