ಫೌಂಡೇಶನ್ ರಿಂಗ್ ಸೋರಿಕೆ: ನಾಲ್ಕನೆಯ ಸಲ ಕಾಯಿಸುವ ಮೊದಲು ಇದನ್ನು ಓದಿ

ನೀವು ಇಲ್ಲಿ ಹಾಕಿದ ಮೂರನೆಯ ಚಿತ್ರ ನೋಡಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯಲು ಕುಳಿತಿದ್ದೇನೆ. ನಿಮ್ಮ ಮಾದರಿ ಹಬೆ ರೈಲು ಎಂಜಿನ್ನಿನ ತಾಮ್ರದ ಬಾಯ್ಲರಿನಲ್ಲಿ ಫೌಂಡೇಶನ್ ರಿಂಗ್‌ನ (ಫೈರ್‌ಬಾಕ್ಸ್ ಅಂದರೆ ಬೆಂಕಿಗೂಡಿನ ಬುಡದಲ್ಲಿ ಒಳ, ಹೊರ ಗೋಡೆಗಳ ನಡುವನ್ನು ಮುಚ್ಚುವ ಚೌಕಟ್ಟಿನ) ಹಿಂದಿನ ಮೂಲೆ ಸೋರುತ್ತಿದೆ, ಮೂರು ಸಲ ಕಾಯಿಸಿ ಮೂರು ಸಲವೂ ಬೆಳ್ಳಿ ಬೆಸುಗೆ ಸುರಿದಾಗಿದೆ, ನಾಳೆ ಇನ್ನೊಮ್ಮೆ ಪ್ರಯತ್ನಿಸಿ ಕಂಪ್ರೆಸರ್‌ನಿಂದ 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಗಾಳಿ ಕೊಟ್ಟು ನೋಡುತ್ತೇನೆ ಎಂದಿದ್ದೀರಿ. ಎರಡೂ ಬೇಡ. ನನ್ನ ಮೊದಲ ಐದು ಇಂಚು ಗೇಜ್ (ಹಳಿಗಳ ನಡುವಿನ ಅಂತರ) ಎಂಜಿನ್ನಿನ ಬಾಯ್ಲರಿನಲ್ಲೂ ಇದೇ ಮೂಲೆ ಸೋರುತ್ತಿತ್ತು, ಅಲ್ಲಿಯೂ ಬೆಸುಗೆಯ ಇಂಥದ್ದೇ ದಪ್ಪ ಗಂಟು ಕಟ್ಟಿತ್ತು, ನನಗೂ ಇದೇ ಹಠವಿತ್ತು. ಆ ಬಾಯ್ಲರ್ ಈಗ ಎರಡು ಹೋಳಾಗಿ ಗೋಡೆಯ ಮೊಳೆಗೆ ತೂಗುತ್ತಿದೆ.

ಅದನ್ನು ಗರಗಸದಿಂದ ಕೊಯ್ದಾಗ ಕಂಡದ್ದು ಇಷ್ಟು: ಹೊರಗೆ ಬೆರಳುದಪ್ಪದ ಹೊಳೆಯುವ ಬೆಸುಗೆ, ಒಳಗಿನ ಸಂದಿಯಲ್ಲಿ ಗಾಜಿನಂತೆ ಕಪ್ಪಾಗಿ ಗಟ್ಟಿಯಾದ ಫ್ಲಕ್ಸ್, ಅಂದರೆ ಕಾದ ಲೋಹಕ್ಕೆ ಆಕ್ಸೈಡ್ ಪದರ ಕಟ್ಟದಂತೆ ಬಳಿಯುವ ಲೇಪ. ಬೆಸುಗೆ ಸಂದಿಗೆ ಇಳಿದಿರಲೇ ಇಲ್ಲ. ಕೈ ಟಾರ್ಚ್ ಒಂದನ್ನೇ ನಂಬಿ ತೆರೆದ ಮೇಜಿನ ಮೇಲೆ ಕಾಯಿಸಿದ್ದೆ. ರಿಂಗ್‌ಗೆ ಬರುವಷ್ಟರಲ್ಲಿ ಬ್ಯಾರೆಲ್ (ಬಾಯ್ಲರಿನ ಉರುಳೆ), ಟ್ಯೂಬ್‌ಗಳು, ಬ್ಯಾಕ್‌ಹೆಡ್ (ಹಿಂಬದಿಯ ತಟ್ಟೆ) ಎಲ್ಲ ಸೇರಿ ತಾಮ್ರದ ದೊಡ್ಡ ರಾಶಿಯೇ ಆಗಿರುತ್ತದೆ. ನೀವು ಕೊಟ್ಟ ಶಾಖವನ್ನೆಲ್ಲ ಅದು ಕುಡಿದುಬಿಡುತ್ತದೆ. ಬೆಸುಗೆ ಕಡ್ಡಿ ಜ್ವಾಲೆಯಲ್ಲಿ ಕರಗುತ್ತದೆ, ತಾಮ್ರ ಮಾತ್ರ ಇನ್ನೂ ತಣ್ಣಗೇ ಇರುತ್ತದೆ. ಇಷ್ಟರ ನಡುವೆ ಫ್ಲಕ್ಸ್ ಸತ್ತಿರುತ್ತದೆ. ಆಮೇಲೆ ಎಷ್ಟು ಬೆಸುಗೆ ಸುರಿದರೂ ಅದು ಬರಿಯ ಮುಲಾಮು.

ನಾಲ್ಕನೆಯ ಸಲಕ್ಕೆ ಮುಂಚೆ ಬಾಯ್ಲರನ್ನು ಬಿಸಿ ಸಿಟ್ರಿಕ್ ಆಮ್ಲದ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬಿಸಿ ಬಾಯ್ಲರನ್ನೇ ಎತ್ತಿ ಆಮ್ಲಕ್ಕೆ ಹಾಕಬೇಡಿ, ಟ್ಯೂಬ್‌ಗಳಿಂದ ಚಿಮ್ಮಿ ಮುಖಕ್ಕೆ ಬರುತ್ತದೆ. ಆಮೇಲೆ ಗಂಟನ್ನು ಅರದಿಂದ ಉಜ್ಜಿ ತೆಗೆಯಿರಿ. ಕೈ ನೋಯುತ್ತದೆ, ನೋಯಲಿ. ಸಂದಿ ಕಾಣಬೇಕು. 0.1 ಮಿಲಿಮೀಟರ್ ಆಸುಪಾಸಿನ ಸಂದಿಯಿದ್ದರೆ ಬೆಸುಗೆ ತಾನಾಗಿಯೇ ಹೀರಿಕೊಳ್ಳುತ್ತದೆ. ಮುಂದಿನ ಬಾಯ್ಲರಿಗೆ ರಿಂಗ್‌ನ ಅಂಚಿನಲ್ಲಿ ಸೆಂಟರ್ ಪಂಚ್‌ನಿಂದ ಸಣ್ಣ ಗುಬುಟುಗಳನ್ನು ಎಬ್ಬಿಸಿಕೊಳ್ಳಿ, ಆ ಸಂದಿ ತಾನೇ ಉಳಿಯುತ್ತದೆ. ನೀವು ಬಡಿದು ಬಿಗಿಯಾಗಿ ಕೂರಿಸಿದಂತಿದೆ. ಬಿಗಿಯಾದಷ್ಟೂ ಒಳ್ಳೆಯದು ಎನ್ನುವುದು ಲೇತ್ ಕೆಲಸದವರ ಅಭ್ಯಾಸ, ಬೆಸುಗೆಗೆ ಅದು ಶತ್ರು.

ಕಾಯಿಸುವಾಗ ಸುತ್ತಲೂ ಹಗುರವಾದ ಉಷ್ಣನಿರೋಧಕ ಇಟ್ಟಿಗೆಗಳಿಂದ ಗೂಡು ಕಟ್ಟಿ, ಮೇಲೆ ಕೈಯಾಡುವಷ್ಟು ಮಾತ್ರ ತೆರೆದಿಡಿ. ಮನೆ ಕಟ್ಟುವ ಇಟ್ಟಿಗೆ ಬೇಡ, ಅದೂ ಶಾಖ ಕುಡಿಯುತ್ತದೆ, ಒದ್ದೆಯಿದ್ದರೆ ಸಿಡಿಯುತ್ತದೆ. ಎರಡು ಬರ್ನರ್ ಬೇಕು. ದೊಡ್ಡದನ್ನು ಸಹಾಯಕರೊಬ್ಬರು ಹಿಡಿದು ಇಡೀ ಬಾಯ್ಲರನ್ನು ಬಿಸಿಯಾಗಿಟ್ಟಿರಲಿ, ಚಿಕ್ಕದರಿಂದ ನೀವು ಮೂಲೆಯನ್ನು ಹಿಂಬಾಲಿಸಿ. ನಾನು ಸೀವರ್ಟ್ ಕಂಪನಿಯ ಬರ್ನರ್ ಬಿಟ್ಟು ಬೇರೆಯದನ್ನು ಈಗ ಮುಟ್ಟುವುದಿಲ್ಲ. ಇದು ಅಭಿಮಾನವೆಂದರೆ ಅಭಿಮಾನವೇ. ಆದರೆ ಚಿಕ್ಕ ಪ್ರೊಪೇನ್ ಸಿಲಿಂಡರಿಗೆ ದೊಡ್ಡ ಬರ್ನರ್ ಹಚ್ಚಿದರೆ ಸಿಲಿಂಡರ್ ಹಿಮಗಟ್ಟಿ, ಬೇಕಾದ ಹೊತ್ತಿಗೇ ಜ್ವಾಲೆ ಸೊರಗುತ್ತದೆ. ಸಿಲಿಂಡರೂ ದೊಡ್ಡದಿರಲಿ. ಆಕ್ಸಿ ಅಸಿಟಿಲೀನ್ ಇದೆಯಲ್ಲ ಎಂದು ಕೆಳಗೊಬ್ಬರು ಸೂಚಿಸಿದ್ದಾರೆ. ಪಳಗಿದ ಕೈಗೆ ಸರಿ. ಮೊದಲ ಬಾಯ್ಲರಿನವರು ಅದರಿಂದ ಟ್ಯೂಬ್ ಪ್ಲೇಟಿಗೇ (ಟ್ಯೂಬ್‌ಗಳು ಕೂರುವ ತಟ್ಟೆಗೇ) ತೂತು ಮಾಡಿಕೊಳ್ಳುತ್ತಾರೆ.

ಕೋಣೆ ಅರೆಗತ್ತಲಾಗಿರಲಿ, ಬಿಸಿಲಿನಲ್ಲಿ ಮಂದ ಕೆಂಪು ಕಾಣುವುದಿಲ್ಲ. ಕಿಟಕಿ ಮಾತ್ರ ತೆರೆದಿರಲಿ. ಫ್ಲಕ್ಸ್ ನೀರಿನಂತೆ ತಿಳಿಯಾದ ಮೇಲೆ ಕಡ್ಡಿಯನ್ನು ಜ್ವಾಲೆಯಿಂದ ದೂರವಾಗಿ ತಾಮ್ರಕ್ಕೆ ಮುಟ್ಟಿಸಿ. ತಾಮ್ರವೇ ಅದನ್ನು ಕರಗಿಸಬೇಕು. ಸಿಲ್ವರ್-ಫ್ಲೋ 55 ಎಂಬ ಬೆಳ್ಳಿ ಬೆಸುಗೆ ಕರಗುವುದು 630ರಿಂದ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಿಂದಿನ ಜೋಡಣೆಗಳಿಗೂ ಅದನ್ನೇ ಬಳಸಿದ್ದರೆ ಅವುಗಳ ಮೇಲೂ ಒಂದು ಕಣ್ಣಿರಲಿ, ಅಲ್ಲಿಯೂ ಹೊಸದಾಗಿ ಫ್ಲಕ್ಸ್ ಬಳಿಯಿರಿ. ನಾನು ಮೊದಲ ಹಂತಗಳಿಗೆ 650ರಿಂದ 710ರಲ್ಲಿ ಕರಗುವ ಸಿಲ್ವರ್-ಫ್ಲೋ 40ನ್ನು ಬಳಸಿ, ಕೊನೆಯ ರಿಂಗ್‌ಗೆ ಮಾತ್ರ 55 ಉಳಿಸಿಕೊಳ್ಳುತ್ತೇನೆ. ಹೆಚ್ಚು ಹೊತ್ತು ಕಾಯಿಸುವ ಕಡೆ ಈಜಿ-ಫ್ಲೋ ಫ್ಲಕ್ಸ್ ತಡೆಯದು, ಟೆನಾಸಿಟಿ 5 ತಡೆಯುತ್ತದೆ, ಆದರೆ ಅದರ ಕಿಟ್ಟ ಬಿಡಿಸುವುದು ಒಂದು ಶಿಕ್ಷೆ. ಹಳೆಯ ದಾಸ್ತಾನಿನ ಕಡ್ಡಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದರಲ್ಲಿ ಕ್ಯಾಡ್ಮಿಯಂ ಇರಬಹುದು, ಆ ಹೊಗೆ ವಿಷ. ತಾಮ್ರ ಮತ್ತು ರಂಜಕದ ಕಡ್ಡಿಯೂ ಕಲ್ಲಿದ್ದಲು ಉರಿಸುವ ಬಾಯ್ಲರಿಗೆ ಬೇಡ, ಹೊಗೆಯ ಗಂಧಕ ಅದನ್ನು ತಿನ್ನುತ್ತದೆ.

ಸೋರುವಲ್ಲಿ ಸೀಸದ ಬೆಸುಗೆ ಬಳಿಯಿರಿ ಎಂದು ಸಲಹೆ ಕೊಟ್ಟವರಿಗೆ ಒಂದು ಮಾತು. ನಿಮ್ಮ ಬಾಯ್ಲರಿನ ಕೆಲಸದ ಒತ್ತಡವಾದ 80 ಪಿಎಸ್‌ಐನಲ್ಲಿ ಹಬೆಯ ತಾಪ ಸುಮಾರು 162 ಡಿಗ್ರಿ, ಸಾಮಾನ್ಯ ತವರ-ಸೀಸ 183ರಲ್ಲಿ ಕರಗತೊಡಗುತ್ತದೆ. ನಡುವೆ ಉಳಿದದ್ದೆಷ್ಟು? ಹಳಬರು ಸ್ಟೇ (ತಟ್ಟೆಗಳು ಉಬ್ಬದಂತೆ ಹಿಡಿದಿಡುವ ಸರಳು) ತಲೆಗಳ ಸಣ್ಣ ಜಿನುಗಿಗೆ ಸುಮಾರು 300 ಡಿಗ್ರಿಯಲ್ಲಿ ಕರಗುವ ಬೇರೆ ಬಗೆಯದನ್ನು ಬಳಸುತ್ತಿದ್ದರು, ನಿಜ. ಆದರೆ ಅದು ಜಿನುಗು ತಡೆಯಲು, ಭಾರ ಹೊರಲು ಅಲ್ಲ. ಸೀಸ ಒಮ್ಮೆ ತಾಗಿದ ಜಾಗಕ್ಕೆ ಮತ್ತೆ ಬೆಳ್ಳಿ ಬೆಸುಗೆ ಹಿಡಿಸುವ ಆಸೆಯನ್ನೂ ಬಿಡಬೇಕು.

ಇನ್ನು ಕಂಪ್ರೆಸರ್. ಇದೊಂದು ವಿಷಯದಲ್ಲಿ ನಾನು ಬೈಯುತ್ತೇನೆ, ಬೇಸರಿಸಬೇಡಿ. ಅದುಮಿದ ಗಾಳಿಯೆಂದರೆ ಬಿಗಿದ ಸ್ಪ್ರಿಂಗ್. ಬೆಸುಗೆ ಬಿಟ್ಟರೆ ಬ್ಯಾಕ್‌ಹೆಡ್ ಹಾರಿ ನಿಮ್ಮ ಹೊಟ್ಟೆಗೆ ಬರುತ್ತದೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಹಾಗಾಗಿ ಒಂದು ಹನಿ ಹೊರಬಂದರೂ ಒತ್ತಡ ಇಳಿದುಬಿಡುತ್ತದೆ. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿಸಿ, ಟೆಂಡರಿನ (ಎಂಜಿನ್ನಿನ ಹಿಂದಿನ ನೀರು, ಕಲ್ಲಿದ್ದಲಿನ ಗಾಡಿಯ) ಕೈ ಪಂಪಿನಿಂದಲೇ ನಿಧಾನವಾಗಿ 160 ಪಿಎಸ್‌ಐಗೆ, ಅಂದರೆ ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸಿ. ಫೈರ್‌ಬಾಕ್ಸ್ ಪಕ್ಕದ ತಟ್ಟೆಗೆ ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ) ಹಚ್ಚಿಡಿ. ಒತ್ತಡ ಇಳಿಸಿದ ಮೇಲೂ ಮುಳ್ಳು ಸೊನ್ನೆಗೆ ಮರಳದಿದ್ದರೆ ತಟ್ಟೆ ಉಬ್ಬಿದೆ, ಸ್ಟೇಗಳು ಸಾಲವು. ಸೋರುವ ಜಾಗ ಹುಡುಕಲು ಮಾತ್ರ ಬಕೆಟ್ ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಎರಡು ಮೂರು ಪಿಎಸ್‌ಐ ಕೊಡಬಹುದು. ಅಷ್ಟೇ, ಅದಕ್ಕಿಂತ ಮೇಲೆ ಬೇಡ.

ಚಿತ್ರದಲ್ಲಿ ಸೇಫ್ಟಿ ವಾಲ್ವ್‌ನ ಬುಷ್ (ವಾಲ್ವ್ ಕೂರಿಸುವ ಬಳೆ) ಹಳದಿಯಾಗಿ ಕಾಣುತ್ತಿದೆ. ಹಿತ್ತಾಳೆಯೇ? ಹಾಗಿದ್ದರೆ ಬದಲಿಸಿ. ಬಿಸಿನೀರಿನಲ್ಲಿ ಅದರ ಸತು ಕರಗಿಹೋಗಿ ಬುಷ್ ಸ್ಪಂಜಿನಂತಾಗುತ್ತದೆ, ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ (ಎರಡೂ ಕಂಚಿನ ಬಗೆಗಳು) ಹಾಕಬೇಕು. ಅದನ್ನೂ ಇದೇ ಬಿಸಿಯಲ್ಲಿ ಮುಗಿಸಿಕೊಂಡರೆ ಇನ್ನೊಂದು ಸಲ ಕಾಯಿಸುವುದು ತಪ್ಪುತ್ತದೆ. ಕಾಯಿಸಿದ ತಾಮ್ರ ಮೇಣದಷ್ಟು ಮೆದುವಾಗಿರುತ್ತದೆ, ಬುಷ್ ಹಿಡಿದು ಬಾಯ್ಲರ್ ಎತ್ತಬೇಡಿ. ನಾನು ಎತ್ತಿ ಬಾಯ್ಲರಿನ ಮೇಲಿನ ಗುಮ್ಮಟ ಓರೆ ಮಾಡಿಕೊಂಡಿದ್ದೇನೆ.

ಚಾಸಿ (ಚಕ್ರ, ಸಿಲಿಂಡರ್‌ಗಳಿರುವ ಅಡಿಗಟ್ಟು) ಹಬೆಯ ಬದಲು ಅದುಮಿದ ಗಾಳಿಯಲ್ಲಿ ಚೆನ್ನಾಗಿ ಓಡಿತು ಎಂದೂ ಬರೆದಿದ್ದೀರಿ. ಸಂತೋಷ, ಆದರೆ ಗಾಳಿ ಸಿಲಿಂಡರನ್ನು ಬಿಸಿ ಮಾಡುವುದಿಲ್ಲ. ಹಬೆಯಲ್ಲಿ ಪಿಸ್ಟನ್ ಹಿಗ್ಗಿ ಹಿಡಿಯಬಹುದು. ಲೂಬ್ರಿಕೇಟರಿಗೆ ಸ್ಟೀಮ್ ಆಯಿಲ್ಲೇ ಹಾಕಿ, ಕಾರಿನ ಎಂಜಿನ್ ಆಯಿಲ್ ಅಲ್ಲ. ಚಕ್ರಗಳ ಕ್ವಾರ್ಟರಿಂಗ್ (ಎರಡೂ ಬದಿಯ ಕ್ರ್ಯಾಂಕ್‌ಗಳ ನಡುವಿನ 90 ಡಿಗ್ರಿ ಕೋನ) ನೋಡದೆ ಲಾಕ್‌ಟೈಟ್ ಅಂಟು ಹಾಕಿ ಮುಗಿಸಿದ್ದರೆ ಅದನ್ನು ಬೇರೆಯಾಗಿ ಮಾತಾಡೋಣ.

ಅರ ಹಾಕಿದ ಮೇಲೆ, ಬರ್ನರ್ ಹಚ್ಚುವ ಮುಂಚೆ, ಫೈರ್‌ಬಾಕ್ಸ್ ಒಳಗಿನಿಂದ ಕನ್ನಡಿ ಹಿಡಿದು ಆ ಮೂಲೆಯ ಚಿತ್ರ ತೆಗೆದು ಇಲ್ಲಿ ಹಾಕಿ. ಒಳಗಡೆ ಬೆಸುಗೆಯ ತೆಳು ಗೆರೆ ಕಾಣುತ್ತಿದ್ದರೆ ಸಮಸ್ಯೆ ಮೂಲೆಯಲ್ಲಿ ಮಾತ್ರ. ಕಾಣದಿದ್ದರೆ ಇಡೀ ಹಿಂಬದಿಯನ್ನು ಹೊಸದಾಗಿ ಮಾಡಬೇಕಾಗುತ್ತದೆ.