ಬೆರಳು ತೋರಿಸುವ ಪೋಸ್ಟರ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಜನ ಗೋಡೆಗೆ ಅಂಟಿಸಿದ ಹಾಳೆ ನೋಡಿ ನಿಜವಾಗಿಯೂ ಸೈನ್ಯ ಸೇರಿದರೇ?

ಉ: ಹಾಳೆಯೊಂದೇ ಆ ಕೆಲಸ ಮಾಡಲಿಲ್ಲ. ಗೆಳೆಯರ ಒತ್ತಾಯ, ಸಂಬಳದ ಆಸೆ, ಪತ್ರಿಕೆಗಳು, ಸಭೆಗಳು ಎಲ್ಲವೂ ಜೊತೆಗಿದ್ದವು. ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿದ್ದವನನ್ನು ಪೋಸ್ಟರ್ ಒಂದಿಷ್ಟು ನೂಕುತ್ತಿತ್ತು, ಅಷ್ಟೆ. ಕಡ್ಡಾಯ ಸೇನಾಭರ್ತಿಯ ಕಾನೂನು ಬಂದದ್ದು 1916ರ ಜನವರಿಯಲ್ಲಿ. ಅಲ್ಲಿಯವರೆಗೆ ಸರ್ಕಾರ ನೆಚ್ಚಿಕೊಂಡಿದ್ದು ತಾವಾಗಿ ಬರುವವರನ್ನೇ, ಹಾಗಾಗಿ ಮನವೊಲಿಸದೆ ಗತಿಯಿರಲಿಲ್ಲ.

1915ರ ಒಂದು ಪೋಸ್ಟರನ್ನೇ ನೋಡಿ. ಆರಾಮಕುರ್ಚಿಯಲ್ಲಿ ಅಪ್ಪ. ತೊಡೆಯ ಮೇಲೆ ಪುಸ್ತಕ ತೆರೆದುಕೊಂಡ ಮಗಳು. ಕಾಲ ಬಳಿ ಮಗ ಆಟಿಕೆ ಸೈನಿಕರನ್ನು ನಿಲ್ಲಿಸುತ್ತಿದ್ದಾನೆ. "ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?" ಎಂದು ಕೆಳಗಿದೆ, ಒತ್ತೆಲ್ಲ "ನೀನು" ಎಂಬುದರ ಮೇಲೆ. ಶತ್ರುವಿಲ್ಲ, ರಕ್ತವಿಲ್ಲ. ಯುದ್ಧ ಮುಗಿದಿದೆ, ಅಪ್ಪ ಬದುಕಿದ್ದಾನೆ, ಮನೆ ಬೆಚ್ಚಗಿದೆ ಎಂಬುದನ್ನೆಲ್ಲ ಚಿತ್ರ ಬಾಯಿಬಿಡದೆ ಒಪ್ಪಿಸಿಬಿಡುತ್ತದೆ. ಸತ್ತರೆ ಗತಿಯೇನು ಎಂಬ ಲೆಕ್ಕ ಸದ್ದಿಲ್ಲದೆ ಜಾರಿಹೋಗಿ, ಮಗಳ ಮುಂದೆ ತಲೆ ತಗ್ಗಿಸಬೇಕಾದ ನಾಚಿಕೆಯೊಂದೇ ಉಳಿಯುತ್ತದೆ. ಅಪ್ಪನ ಕಣ್ಣು ಮಗಳ ಮೇಲೂ ಇಲ್ಲ, ನೋಡುವವನ ಕಡೆಗಿದೆ. ಚಾಣಾಕ್ಷ ಕೆಲಸ, ಕ್ರೂರವೂ ಹೌದು.

ಪ್ರ: ಅಮೆರಿಕದ ಸೇನಾಭರ್ತಿ ಪೋಸ್ಟರಿನಲ್ಲಿ ಆ ದೇಶದ ಸಂಕೇತವಾದ ಅಂಕಲ್ ಸ್ಯಾಮ್‌ನ ಬೆರಳು ಎಲ್ಲಿ ನಿಂತರೂ ನಮ್ಮನ್ನೇ ತೋರಿಸುತ್ತದಲ್ಲ, ಏನು ಗುಟ್ಟು?

ಉ: ಗುಟ್ಟು ಹಾಳೆಯ ಚಪ್ಪಟೆತನದಲ್ಲಿದೆ. ಬೆರಳನ್ನು ನೇರ ಎದುರಿನಿಂದ ಬರೆದಾಗ ತುದಿ ದೊಡ್ಡದಾಗಿ, ಅದರ ಹಿಂದೆಯೇ ಮುಷ್ಟಿ ಕಾಣುತ್ತದೆ. ಉದ್ದ ಕಾಣುವುದೇ ಇಲ್ಲ. ನಿಜವಾದ ಕೈಯಾಗಿದ್ದರೆ ನೀವು ಪಕ್ಕಕ್ಕೆ ಸರಿದೊಡನೆ ಬೆರಳಿನ ಬದಿ ಕಾಣುತ್ತಿತ್ತು. ಚಿತ್ರಕ್ಕೆ ಬದಿಯೇ ಇಲ್ಲ. ಕಣ್ಣಿನ ನಡುವೆಯೇ ಬರೆದ ಕಣ್ಣಪಾಪೆಯದೂ ಇದೇ ಕಥೆ. ಈ ಉಪಾಯವನ್ನು ಬ್ರಿಟನ್ನಿನಲ್ಲಿ ಆಲ್ಫ್ರೆಡ್ ಲೀಟ್ 1914ರಲ್ಲೇ ಯುದ್ಧಮಂತ್ರಿ ಲಾರ್ಡ್ ಕಿಚನರ್‌ನ ಚಿತ್ರದಲ್ಲಿ ಬಳಸಿದ್ದ. ಅಮೆರಿಕದ ಜೇಮ್ಸ್ ಮಾಂಟ್‌ಗೊಮೆರಿ ಫ್ಲ್ಯಾಗ್ ತನ್ನದೇ ಮುಖವನ್ನು ಮಾದರಿಯಾಗಿಟ್ಟುಕೊಂಡು ಅಂಕಲ್ ಸ್ಯಾಮ್‌ನನ್ನು ಬರೆದ. 1917–18ರಲ್ಲಿ ಅದರ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾದವು.

ಪ್ರ: ಸರ್ಕಾರಿ ಪೋಸ್ಟರ್ ನೆಲಕಚ್ಚಿದ್ದೂ ಉಂಟೇ?

ಉ: ಬೇಕಾದಷ್ಟು. 1939ರಲ್ಲಿ ಬ್ರಿಟನ್ "ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢತೆ ನಮಗೆ ಗೆಲುವು ತರುತ್ತದೆ" ಎಂದು ಗೋಡೆಗಳಿಗೆ ಹಚ್ಚಿತು. ಕಷ್ಟ ನಿಮ್ಮದು, ಗೆಲುವು ನಮ್ಮದು ಎಂದು ಓದಿಕೊಂಡವರು ಮೂಗು ಮುರಿದರು. ಇನ್ನೊಂದು ದೋಷ: ಓದಿದವನು ಮನೆಗೆ ಹೋಗಿ ಏನು ಮಾಡಬೇಕೆಂದು ಅದರಲ್ಲಿ ಇರಲೇ ಇಲ್ಲ. ಆಮೇಲೆ ಬಂದ, ಸಲಿಕೆಯನ್ನು ಮಣ್ಣಿಗೆ ತುಳಿಯುವ ಬೂಟಿನ ಚಿತ್ರ ನೋಡಿ: ತರಕಾರಿ ಬೆಳೆಸು ಎಂಬುದು ಅಕ್ಷರ ಬಾರದವನಿಗೂ ತಿಳಿಯುತ್ತದೆ.

ನಗಿಸಿ ಗೆದ್ದವನು ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಫುಗಾಸ್. ಬಾಯಿಗೆ ಬಂದಂತೆ ಮಾತಾಡಬೇಡಿ, ಶತ್ರು ಕೇಳಿಸಿಕೊಂಡಾನು ಎಂಬ ಅವನ 1940ರ ಪೋಸ್ಟರ್‌ಗಳಲ್ಲಿ ಒಂದರಲ್ಲಿ ಇಬ್ಬರು ಹೆಂಗಸರು ಹರಟುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಹಿಟ್ಲರ್ ಮತ್ತು ಅವನ ಸಹಚರ ಗೋರಿಂಗ್ ಕೂತಿದ್ದಾರೆ! ಗದರಿಸಿದರೆ ಮುಖ ತಿರುಗಿಸುವವನೂ ನಗು ಬಂದರೆ ನಿಂತು ಓದುತ್ತಾನೆ.

ಪ್ರ: ತೋಳು ಮಡಚಿದ, ಕೆಂಪು ಕರವಸ್ತ್ರ ಕಟ್ಟಿದ ಅಮೆರಿಕನ್ ಹೆಣ್ಣಿನ ಪೋಸ್ಟರ್ ಮಹಿಳೆಯರನ್ನು ಕಾರ್ಖಾನೆಗೆ ಕರೆಯಲು ಮಾಡಿದ್ದೇ?

ಉ: ಅಲ್ಲ. ಅದು ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಗಳ ಒಳಗೆ, ಆಗಲೇ ಕೆಲಸದಲ್ಲಿದ್ದವರಿಗಾಗಿ 1943ರ ಫೆಬ್ರುವರಿಯಲ್ಲಿ ಎರಡು ವಾರ ತೂಗುಹಾಕಿದ್ದು. ಅದು ಹೆಸರುವಾಸಿಯಾದದ್ದು 1980ರ ದಶಕದಲ್ಲಿ.

ಪ್ರ: ಶತ್ರುವನ್ನು ರಾಕ್ಷಸನಾಗಿ ತೋರಿಸುವುದು ಫಲಿಸುತ್ತದೆಯೇ?

ಉ: ಆ ಹೊತ್ತಿಗೆ ಫಲಿಸಬಹುದು, ಅದರ ಬೆಲೆ ಆಮೇಲೆ ತೆರಬೇಕಾಗುತ್ತದೆ. ಮೊದಲ ಯುದ್ಧದಲ್ಲಿ ಉಪ್ಪುಖಾರ ಹಚ್ಚಿದ ಜರ್ಮನ್ ಕ್ರೌರ್ಯದ ಕಥೆಗಳ ಬಂಡವಾಳ ಯುದ್ಧದ ನಂತರ ಬಯಲಾಯಿತು. ಎರಡನೆಯ ಯುದ್ಧದಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯ ನಿಜ ಸುದ್ದಿ ಬಂದಾಗ, ಹಿಂದೊಮ್ಮೆ ಮೋಸಹೋಗಿದ್ದ ಅನೇಕರು ಇದನ್ನೂ ನಂಬಲಿಲ್ಲ. ಇನ್ನೂ ಒಂದು ತಿರುಗುಬಾಣ: ಅಮೆರಿಕದ 1917ರ ಪೋಸ್ಟರೊಂದರಲ್ಲಿ ಮೊನೆಯುಳ್ಳ ಜರ್ಮನ್ ಶಿರಸ್ತ್ರಾಣ ತೊಟ್ಟ ಗೊರಿಲ್ಲಾ ಹೆಣ್ಣೊಬ್ಬಳನ್ನು ಹೊತ್ತು ಅಮೆರಿಕದ ದಡಕ್ಕೆ ಕಾಲಿಡುತ್ತದೆ. 1939ರಲ್ಲಿ ನಾಜಿಗಳು ಅದೇ ಚಿತ್ರವನ್ನು ಮತ್ತೆ ಅಚ್ಚು ಹಾಕಿಸಿ, ಅವರು ಮೃಗವೆಂದದ್ದು ನಮ್ಮನ್ನೇ ಎಂದು ತಮ್ಮ ಜನರಿಗೆ ತೋರಿಸಿದರು.