ಪ್ರಯಾಣಿಕರ ವಿಮಾನವನ್ನು ಹಾರುವ ಪೆಟ್ರೋಲ್ ಬಂಕ್ ಮಾಡೋದು ಹೇಗೆ?

ಹಾರುವ ಬಂಕ್ ಅಂದ್ರೆ ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬಿಸೋ ವಿಮಾನ. ಅದಕ್ಕೆ ಸೀಟು ಕಿತ್ತು ಒಳಗೆಲ್ಲ ಇಂಧನ ತುಂಬ್ತಾರೆ ಅಂತ ಹಾಸನದ ನಮ್ಮ ಟೀ ಅಂಗಡಿಯಲ್ಲೂ ವಾದ ನಡೆಯಿತು. ಹಾಗಲ್ಲ. ಏರ್‌ಬಸ್ ಎ330ರ ಮಾಮೂಲಿ ಟ್ಯಾಂಕ್‌ಗಳಲ್ಲೇ ಸುಮಾರು 111 ಟನ್ ಹಿಡಿಯುತ್ತದೆ. ಸೀಟುಗಳಲ್ಲಿ ಸೈನಿಕರು ಕೂರಬಹುದು. ಬೋಯಿಂಗ್ 767 ಆದರೆ ಕೆಳಗೆ ಲಗೇಜ್ ಜಾಗದಲ್ಲಿ ಹೆಚ್ಚುವರಿ ಟ್ಯಾಂಕ್ ಕೂರಿಸುತ್ತಾರೆ.

ಜಾಸ್ತಿ ತಲೆನೋವು ಪೈಪಿನದ್ದು. ರೆಕ್ಕೆಯಡಿಯ ಡಬ್ಬಿಯೊಳಗಿನ ರೀಲಿನಿಂದ ಉದ್ದದ ಹೋಸ್ ಬಿಚ್ಚಿಕೊಳ್ಳುತ್ತದೆ. ಕಾಫಿ ತೋಟದಲ್ಲಿ ಔಷಧಿ ಹೊಡೆಯೋ ಪೈಪ್ ಎಳೆದ ಹಾಗೆ ಅಂದುಕೊಳ್ಳಿ. ತುದಿಯಲ್ಲಿ ಶಟಲ್ ಕಾಕ್ ಆಕಾರದ ಬುಟ್ಟಿ. ಫೈಟರ್ ಪೈಲಟ್ ತನ್ನ ವಿಮಾನದ ಮುಂದಿನ ಕೊಳವೆಯನ್ನು ಅದರೊಳಗೆ ತೂರಿಸಬೇಕು, ಅದೂ ಹಾರುತ್ತಲೇ! ಸುಮ್ನೆ ಮಾತಲ್ಲ. ಇಂಥ ಮಾರ್ಪಾಡು ಭಾರತದಲ್ಲೇ ಮಾಡಲು ಎಚ್‌ಎಎಲ್ 2022ರಲ್ಲಿ ಇಸ್ರೇಲಿನ ವಿಮಾನ ಕಂಪನಿ ಐಎಐ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.